ಯಾರಿಗೂ ಬೇಡದ ಠಾಣೆ, ಯಾರಿಗೂ ಬೇಡದ ಕಡತ

"ಓದು, ಇದರಲ್ಲಿ ನಮ್ಮವಳು ಗೆಲ್ಲುತ್ತಾಳೆ" ಎಂದು ಗೆಳತಿಯೊಬ್ಬಳು ಕಾದಂಬರಿಯೊಂದನ್ನು ಕೈಗಿತ್ತಳು. ವಸೀಂ ಖಾನ್ ಇಂಗ್ಲಿಷಿನಲ್ಲಿ ಬರೆದು, 2020ರಲ್ಲಿ ಪ್ರಕಟವಾದ 'ಮಿಡ್‌ನೈಟ್ ಅಟ್ ಮಲಬಾರ್ ಹೌಸ್'. ಓದಿದೆ, ಮೆಚ್ಚಿದೆ. ಆದರೆ ಅದರೊಡನೆ ನನಗೊಂದು ಜಗಳವೂ ಇದೆ.

1949ರ ಕೊನೆಯ ರಾತ್ರಿ. ಪಾರ್ಸಿ, ಹಿಂದೂ, ಮುಸ್ಲಿಂ, ಸಿಖ್, ಇಂಗ್ಲಿಷರು ಎಲ್ಲರೂ ಒತ್ತೊತ್ತಿಗೆ ಬದುಕುತ್ತಿದ್ದ ಬೊಂಬಾಯಿ. ಸರ್ ಜೇಮ್ಸ್ ಹೆರಿಯಟ್ ಎಂಬ ಇಂಗ್ಲಿಷ್ ದೊಡ್ಡಮನುಷ್ಯನ ಬಂಗಲೆಯಲ್ಲಿ ಔತಣ ನಡೆದಿರುವಾಗಲೇ ಅವನ ಕೊಲೆಯಾಗುತ್ತದೆ. ಕರೆ ಹೋಗುವುದು ಮಲಬಾರ್ ಹೌಸ್ ಠಾಣೆಗೆ. ಅಲ್ಲಿ ರಾತ್ರಿ ಪಾಳಿಯಲ್ಲಿರುವವಳು ಪರ್ಸಿಸ್ ವಾಡಿಯಾ. ಪಾರ್ಸಿ ಹುಡುಗಿ, ಕಾದಂಬರಿಯ ಪ್ರಕಾರ ದೇಶದ ಮೊದಲ ಮಹಿಳಾ ಪೊಲೀಸ್ ಇನ್ಸ್‌ಪೆಕ್ಟರ್. ಇದು ಕಲ್ಪನೆ. ಐಪಿಎಸ್‌ಗೆ ಮೊದಲ ಹೆಣ್ಣು ಕಿರಣ್ ಬೇಡಿ ಸೇರಿದ್ದು 1972ರಲ್ಲಿ.

ಲೇಖಕರು ಒಂದು ಸತ್ಯವನ್ನು ಸರಿಯಾಗಿ ಹಿಡಿದಿದ್ದಾರೆ. ಮಲಬಾರ್ ಹೌಸ್ ಎಂದರೆ ಇಲಾಖೆಗೆ ಬೇಡವಾದವರನ್ನೆಲ್ಲ ತಂದು ತುಂಬುವ ಜಾಗ. ಪರೀಕ್ಷೆಯಲ್ಲಿ ಗೆದ್ದು ಬಂದ ಹೆಣ್ಣನ್ನು ಹೊರಗೆ ಹಾಕುವಂತಿಲ್ಲ, ಒಳಗೆ ಬಿಟ್ಟುಕೊಳ್ಳಲು ಮನಸ್ಸಿಲ್ಲ. ಹಾಗಾಗಿ ಮೂಲೆಗೆ ತಳ್ಳುತ್ತಾರೆ. ಮನೆಗೆ ಬಂದರೆ ತಾಯಿಯ ಸೋದರಿ ನುಸ್ಸಿಯದು ಒಂದೇ ರಾಗ: ಮದುವೆಯಾಗು! ಸೊಂಟದಲ್ಲಿ ಪಿಸ್ತೂಲಿದ್ದರೂ ಹೆಣ್ಣಿಗೆ ಈ ರಾಗದಿಂದ ಬಿಡುಗಡೆಯಿಲ್ಲ.

ಇನ್ನು ಜಗಳದ ಮಾತು. ಪತ್ತೇದಾರಿ ಕಥೆಗೆ ಒಂದು ಹೆಣ ಬೇಕು, ಒಂದು ಗುಟ್ಟು ಬೇಕು, ಆ ಗುಟ್ಟನ್ನು ಬಿಡಿಸುವ ಜಾಣತನ ಬೇಕು. ಹೀಗೆ ಓದಿ ಓದಿ ನಾವೂ ನಂಬುತ್ತೇವೆ, ಅಪರಾಧವೆಂದರೆ ಯಾರಿಗೂ ಗೊತ್ತಿಲ್ಲದ್ದು ಎಂದು. ಗೆಳತಿಯರೇ, ಸೊಸೆ ಸುಟ್ಟು ಸತ್ತ ಮನೆಯಲ್ಲಿ ಯಾವ ಗುಟ್ಟಿದೆ? ಪಕ್ಕದ ಮನೆಯವರಿಗೆ ಗೊತ್ತು. ಪ್ರತಿ ಹಬ್ಬಕ್ಕೂ ಹಣ ಹೊಂದಿಸಿ ಕಳಿಸಿದ ತಂದೆಗೆ ಗೊತ್ತು. "ಸ್ವಲ್ಪ ಹೊಂದಿಕೊಂಡು ಹೋಗಮ್ಮ" ಎಂದು ಎರಡು ಸಲ ವಾಪಸು ಕಳಿಸಿದ ಠಾಣೆಗೂ ಗೊತ್ತು. ಆದರೂ ಮಹಜರಿನಲ್ಲಿ ಬರುವುದು "ಸ್ಟೌ ಸಿಡಿದು". ಅತ್ತೆಯೋ ಗಂಡನೋ ಅಡುಗೆಗಿಟ್ಟಾಗ ಸಿಡಿಯದ ಸ್ಟೌ ಸೊಸೆ ಹಚ್ಚಿದಾಗಲೇ ಏಕೆ ಸಿಡಿಯುತ್ತದೆ? ಇದನ್ನು ಕೇಳಲು ಪತ್ತೇದಾರರು ಬೇಕಿಲ್ಲ. ಕೇಳಿದ್ದನ್ನು ಬರೆದುಕೊಳ್ಳುವ ಪೇದೆ ಸಾಕು.

ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ ದಾಖಲಾದ ವರದಕ್ಷಿಣೆ ಸಾವುಗಳು 6,450. ದಿನಕ್ಕೆ ಹದಿನೇಳಕ್ಕೂ ಹೆಚ್ಚು. ಇದು ದಾಖಲಾದದ್ದು ಮಾತ್ರ. ಇವರಲ್ಲಿ ಯಾರೂ 'ಸರ್' ಅಲ್ಲ.

ಅಂದು ರಾತ್ರಿ ಮಲಬಾರ್ ಹೌಸಿಗೆ ಮೈತುಂಬ ಬಾಸುಂಡೆಯ ಹೆಂಗಸೊಬ್ಬಳು ಬಂದಿದ್ದರೆ ಪರ್ಸಿಸ್ ಏನು ಮಾಡಬಹುದಿತ್ತು? ವರದಕ್ಷಿಣೆ ನಿಷೇಧ ಕಾಯಿದೆ ಬಂದದ್ದು 1961ರಲ್ಲಿ. ಗಂಡನ ಮನೆಯವರ ಕ್ರೌರ್ಯವನ್ನು ಅಪರಾಧವೆಂದ 498ಎ ಬಂದದ್ದು 1983ರಲ್ಲಿ, ವರದಕ್ಷಿಣೆ ಸಾವಿನ 304ಬಿ 1986ರಲ್ಲಿ. ಇವನ್ನು ಯಾವ ಇನ್ಸ್‌ಪೆಕ್ಟರೂ ಕೊಡಲಿಲ್ಲ. ಬೀದಿಗಿಳಿದ ಹೆಂಗಸರು ತಂದರು. 1972ರಲ್ಲಿ ಮಹಾರಾಷ್ಟ್ರದ ಠಾಣೆಯೊಂದರ ಆವರಣದಲ್ಲೇ ಮಥುರಾ ಎಂಬ ಆದಿವಾಸಿ ಹುಡುಗಿಯ ಮೇಲೆ ಪೊಲೀಸರು ಅತ್ಯಾಚಾರ ಮಾಡಿದರೆಂಬ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಆರೋಪಿಗಳನ್ನು ಬಿಟ್ಟಾಗ, 1980ರಲ್ಲಿ ಇದೇ ಬೊಂಬಾಯಿಯಲ್ಲಿ ಹೆಂಗಸರು ಸಂಘಟಿತರಾದರು. ನಗರದ ಈ ಕಥೆ ಪತ್ತೇದಾರಿ ಕಥೆಯಲ್ಲ. ಅದಕ್ಕೆ ಒಬ್ಬ ನಾಯಕಿಯಿಲ್ಲ, ನೂರಾರು ಜನರಿದ್ದಾರೆ.

"ಠಾಣೆಯಲ್ಲಿ ಹೆಂಗಸರಿದ್ದರೆ ಎಲ್ಲ ಸರಿಹೋಗುತ್ತದೆ" ಎನ್ನುವವರಿದ್ದಾರೆ. 1973ರಲ್ಲಿ ಕೋಳಿಕೋಡಿನಲ್ಲಿ ಮೊದಲ ಮಹಿಳಾ ಠಾಣೆ ತೆರೆಯಿತು. ನಂತರ ಬೇರೆ ಕಡೆಯೂ ಬಂದವು. ಬೇಕು, ಬೇಡವೆನ್ನುವುದಿಲ್ಲ. ಆದರೆ ನಮ್ಮ ಜೊತೆ ಬಂದ ಹೆಂಗಸೊಬ್ಬಳಿಗೆ ಅಂಥ ಒಂದು ಠಾಣೆಯಲ್ಲಿ ಸಿಕ್ಕಿದ್ದೇನು? ಮುರಿದ ಕೈಯ ಎಕ್ಸ್‌ರೇ ಮೇಜಿನ ಮೇಲಿತ್ತು. ಖಾಕಿ ತೊಟ್ಟ ಅಧಿಕಾರಿಣಿ ಅದನ್ನು ಪಕ್ಕಕ್ಕೆ ಸರಿಸಿ, "ಮಕ್ಕಳ ಮುಖ ನೋಡಮ್ಮ" ಎಂದರು. ದೂರು ಬರೆದುಕೊಳ್ಳಲಿಲ್ಲ, ರಾಜಿಪತ್ರ ಬರೆಸಿಕೊಂಡರು.

ಆಕೆಯನ್ನು ಬೈದರೆ ಸಾಲದು. ಆಕೆಗೆ ಜೀಪಿಲ್ಲ, ಸಿಬ್ಬಂದಿಯಿಲ್ಲ. "ಅದು ಮನೆ ಜಗಳ, ಮಹಿಳಾ ಠಾಣೆಗೆ ಹೋಗಿ" ಎಂದು ಉಳಿದ ಠಾಣೆಗಳು ಕೈ ತೊಳೆದುಕೊಳ್ಳುತ್ತವೆ. ಇಲಾಖೆಗೆ ಬೇಡದ ಅಧಿಕಾರಿಣಿ, ಇಲಾಖೆಗೆ ಬೇಡದ ಕಡತ, ಎರಡೂ ಒಂದೇ ಕೋಣೆಗೆ. ಮಲಬಾರ್ ಹೌಸ್ ಬೊಂಬಾಯಿಯಲ್ಲಷ್ಟೇ ಇಲ್ಲ! ವ್ಯತ್ಯಾಸವಿಷ್ಟೆ: ಪರ್ಸಿಸ್‌ಗೆ ಸಿಕ್ಕ ಹೆಣ ದೊಡ್ಡವರದು, ಆದ್ದರಿಂದ ಅವಳ ಜಾಣತನಕ್ಕೆ ಬೆಲೆ ಬಂತು. ಸೊಸೆಯ ಹೆಣ ಸಿಕ್ಕಿದ್ದರೆ?

2024ರ ಜುಲೈ 1ರಿಂದ ಹೊಸ ಸಂಹಿತೆಯಲ್ಲಿ 498ಎ ಹೋಗಿ 85 ಬಂದಿದೆ, 304ಬಿ ಹೋಗಿ 80 ಬಂದಿದೆ. ಅಂಕಿ ಬದಲಾಯಿತು, ಮೇಜಿನ ಆಚೆಯ ಮಾತು ಬದಲಾಯಿತೇ?

ಕಾದಂಬರಿಯನ್ನು ಓದಿ, ಖುಷಿಪಡಿ. ಆದರೆ ಜಾಣೆಯೊಬ್ಬಳು ಬಂದು ಬಿಡಿಸಲಿ ಎಂದು ಕಾಯಬೇಡಿ. ಹೊಡೆತ ತಿಂದವಳ ಜೊತೆ ಠಾಣೆಗೆ ಹೋಗಿ. ದೂರು ಬರೆಯಿಸಿ. ಎಫ್‌ಐಆರ್ ಪ್ರತಿಯನ್ನು ಕೇಳಿ ಪಡೆಯಿರಿ, ಅದು ಉಚಿತ, ಅದು ಹಕ್ಕು. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣೊಬ್ಬಳು ಅನುಮಾನಾಸ್ಪದವಾಗಿ ಸತ್ತರೆ ಮ್ಯಾಜಿಸ್ಟ್ರೇಟರ ವಿಚಾರಣೆ ನಡೆಯಲೇಬೇಕು. ನಡೆಯಿತೇ ಎಂದು ಕೇಳಿ. ಗೊತ್ತಿದ್ದವರು ಬಾಯಿ ಬಿಟ್ಟರೆ ಸಾಕು, ಈ ಕೊಲೆಗಳಲ್ಲಿ ಪತ್ತೆ ಮಾಡಲು ಉಳಿಯುವುದು ಬಹಳ ಕಡಿಮೆ.