ಹಳೆಯ ತಪ್ಪು, ಹೊಸ ಸುಳ್ಳು

ಕರಾವಳಿಯಿಂದ ಹೋಗಿ ಅಮೆರಿಕದಲ್ಲಿ ನೆಲೆಸಿದ ನಮ್ಮ ಕುಟುಂಬಗಳಲ್ಲಿ ಆ ದೇಶದ ಪೌರತ್ವ ಪಡೆದ ಮಕ್ಕಳು ಅಲ್ಲಿನ ರಕ್ಷಣಾ ಸಂಬಂಧಿ ಹುದ್ದೆಗಳಿಗೂ ಅರ್ಹರು. ಅಂಥ ಹುದ್ದೆಗಳಲ್ಲಿ ಸರಕಾರದ ರಹಸ್ಯ ಕಡತಗಳನ್ನು ನೋಡಬೇಕಾದವರಿಗೆ ಭದ್ರತಾ ಅನುಮತಿ ಬೇಕು. ಅದಕ್ಕಾಗಿ ತುಂಬುವ ಎಸ್.ಎಫ್. 86 ಎಂಬ ಅರ್ಜಿಯಲ್ಲಿ, ಕಳೆದ 7 ವರ್ಷಗಳಲ್ಲಿ ಕಾನೂನುಬಾಹಿರವಾಗಿ ಮಾದಕ ದ್ರವ್ಯ ಸೇವಿಸಿದ್ದುಂಟೇ ಎಂಬ ಪ್ರಶ್ನೆಯಿದೆ. ಕಾಲೇಜಿನ ದಿನಗಳಲ್ಲಿ ಗೆಳೆಯರೊಡನೆ ಒಂದೆರಡು ಬಾರಿ ಗಾಂಜಾ ಸೇದಿದ ಯುವಕನ ಕೈ ಇಲ್ಲಿ ತಡೆಯುತ್ತದೆ. ಊರಿನ ಹಿರಿಯರನ್ನು ಕೇಳಿದರೆ ಬರುವ ಸಲಹೆಯನ್ನು ನಾವು ಊಹಿಸಬಲ್ಲೆವು: 'ಇಲ್ಲ ಎಂದು ಬರೆದುಬಿಡು ಮಗಾ, ಯಾರಿಗೆ ಗೊತ್ತಾಗುತ್ತದೆ?'

ಇದಕ್ಕಿಂತ ಅಪಾಯಕರವಾದ ಸಲಹೆ ಇನ್ನೊಂದಿಲ್ಲ. 2017ರ ಜೂನ್ 8ರಂದು ಜಾರಿಗೆ ಬಂದ ಅಲ್ಲಿನ 13 ಮಾರ್ಗಸೂಚಿಗಳಲ್ಲಿ ಮಾದಕ ದ್ರವ್ಯದ ಕುರಿತಾದುದು ಒಂದು, ವೈಯಕ್ತಿಕ ನಡತೆಯ ಕುರಿತಾದುದು ಇನ್ನೊಂದು. ಮೊದಲನೆಯದರಲ್ಲಿ ರಿಯಾಯಿತಿಗೆ ಎಡೆಯಿದೆ. ಸೇವನೆ ಎಷ್ಟು ಹಿಂದೆ ನಡೆಯಿತು, ಎಷ್ಟು ಬಾರಿ, ಮರುಕಳಿಸುವ ಸಂಭವವುಂಟೇ ಎಂದು ತೂಗಿ ನೋಡುತ್ತಾರೆ. ಹಳೆಯ ಸಹವಾಸ ಬಿಟ್ಟಿದ್ದರೆ, ಇನ್ನು ಮುಟ್ಟುವುದಿಲ್ಲವೆಂದು ಸಹಿ ಮಾಡಿಕೊಟ್ಟರೆ, ಚಿಕಿತ್ಸೆಯನ್ನು ಪೂರ್ಣಗೊಳಿಸಿದ್ದರೆ ಅವೆಲ್ಲ ಅರ್ಜಿದಾರನ ಪರವಾಗಿ ನಿಲ್ಲುತ್ತವೆ. ಒಂದು ಕೃತ್ಯವನ್ನಲ್ಲ, ಇಡೀ ವ್ಯಕ್ತಿಯನ್ನು ನೋಡಬೇಕೆಂಬುದು ಅಲ್ಲಿನ ನಿಯಮ. ಅನ್ಯಾಯವೆಸಗಿದವರೆಲ್ಲ ಸ್ವಭಾವತಃ ಅನ್ಯಾಯಿಗಳಲ್ಲವೆಂಬ ಅರಿಸ್ಟಾಟಲನ ವಿವೇಚನೆ ಸರಕಾರಿ ಕಡತಕ್ಕೂ ಇಳಿದಿದೆಯಲ್ಲ ಎಂದು ನಮಗೆ ಸೋಜಿಗವಾಗುತ್ತದೆ.

ಮರೆಮಾಚಿದವನ ಗತಿ ಬೇರೆ. ಬೇಕೆಂದೇ ಬರೆದ ಸುಳ್ಳು ನಡತೆಯ ಮಾರ್ಗಸೂಚಿಯಡಿ ಬರುತ್ತದೆ. ಮೇಲಾಗಿ ಅದು 5 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ. ತನಿಖಾಧಿಕಾರಿಗಳು ಗೆಳೆಯರನ್ನೂ ನೆರೆಹೊರೆಯವರನ್ನೂ ವಿಚಾರಿಸುವುದುಂಟು. ಇಷ್ಟೊಂದು ಬಿಗಿ ಏಕೆಂದರೆ, ಗುಟ್ಟನ್ನು ಬಚ್ಚಿಟ್ಟುಕೊಂಡವನನ್ನು ಅದನ್ನು ಬಲ್ಲವನು ಬೆದರಿಸಿ ದೇಶದ ರಹಸ್ಯವನ್ನೇ ಕಸಿದುಕೊಳ್ಳಬಹುದು. ತಾನಾಗಿ ಹೇಳಿಬಿಟ್ಟವನನ್ನು ಹಾಗೆ ಬೆದರಿಸಲಾಗದು. ಸತ್ಯವಾಗಿ ಕೊಟ್ಟ ಉತ್ತರವನ್ನು ಮುಂದೆ ಕ್ರಿಮಿನಲ್ ಮೊಕದ್ದಮೆಯಲ್ಲಿ ಅರ್ಜಿದಾರನ ವಿರುದ್ಧ ಸಾಕ್ಷ್ಯವಾಗಿ ಬಳಸುವುದಿಲ್ಲವೆಂದು ಆ ಪ್ರಶ್ನೆಯ ಜೊತೆಗೇ ಭರವಸೆಯೂ ಇದೆ.

ಹಾಗೆಂದು ಎಲ್ಲವೂ ಸಲೀಸೆಂದು ಭಾವಿಸಬಾರದು. ಈಗಲೂ ಸೇವಿಸುತ್ತಿರುವವನಿಗೂ ವ್ಯಸನಿಗೂ ಅನುಮತಿ ಕೊಡುವುದನ್ನು 2008ರ ಕಾನೂನು ನಿಷೇಧಿಸಿದೆ. ಕೊಲೊರಾಡೊದಂಥ ರಾಜ್ಯಗಳಲ್ಲಿ ಅಂಗಡಿಯಲ್ಲೇ ದೊರೆಯುವ ಗಾಂಜಾ, ಮೋಜಿಗಾಗಿ ಸೇದಿದರೆ ಒಕ್ಕೂಟ ಸರಕಾರದ ಕಾನೂನಿನಲ್ಲಿ ನಿಷಿದ್ಧವೇ. ಒಂದೇ ದೇಶದಲ್ಲಿ ಈ ಎರಡು ನಾಲಗೆ ನಮಗೆ ಸರಿಕಾಣುವುದಿಲ್ಲ. ಎಳೆಯರು ಎಡವುವುದು ಇಲ್ಲಿಯೇ. 2021ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಗುಪ್ತಚರ ನಿರ್ದೇಶಕರು ಹೊರಡಿಸಿದ ಸೂಚನೆಯು ಹಿಂದಿನ ಗಾಂಜಾ ಸೇವನೆಯನ್ನು ಗಮನಿಸಬೇಕು, ಆದರೆ ಅದೊಂದೇ ನಿರ್ಣಾಯಕವಾಗಬಾರದು ಎಂದು ಸ್ಪಷ್ಟಪಡಿಸಿತು. ಅನುಮತಿ ಪಡೆದ ಬಳಿಕ ಸೇವಿಸಿದ್ದರೆ ಮಾತ್ರ 7 ವರ್ಷಗಳ ಮಿತಿಯೂ ಇಲ್ಲ. ಸಂದೇಹ ಉಳಿದರೆ ತೀರ್ಪು ರಾಷ್ಟ್ರದ ಭದ್ರತೆಯ ಕಡೆಗೇ ವಾಲುತ್ತದೆ.

ಆದುದರಿಂದ ಮಗನೋ ಮಗಳೋ ದೂರವಾಣಿಯಲ್ಲಿ ಸಲಹೆ ಕೇಳಿದಾಗ, ಮನೆತನದ ಮಾನದ ಮಾತೆತ್ತುವ ಮೊದಲು 'ಈಗ ಬಿಟ್ಟಿದ್ದೀಯಾ?' ಎಂದು ಹೆತ್ತವರು ಕೇಳಲಿ. ಬಿಟ್ಟಿದ್ದರೆ ಮೊದಲ ಸಲ ಯಾವಾಗ, ಕೊನೆಯ ಸಲ ಯಾವಾಗ, ಒಟ್ಟು ಎಷ್ಟು ಬಾರಿ ಎಂಬುದನ್ನು ನೆನಪು ಮಾಡಿಕೊಂಡು ಇದ್ದದ್ದನ್ನು ಇದ್ದಂತೆ ಬರೆಯಲಿ. ಬಿಟ್ಟಿಲ್ಲವಾದರೆ ಅರ್ಜಿಯನ್ನು ಬದಿಗಿಟ್ಟು ಮೊದಲು ವೈದ್ಯರನ್ನು ಕಾಣಲಿ.