ಕೈಯೂ ಕಲಿಯಲಿ

ಶಾಲೆಯ ವೇಳಾಪಟ್ಟಿಯಲ್ಲಿ ಕೈಕೆಲಸಕ್ಕೆಂದು ವಾರಕ್ಕೊಂದು ಅವಧಿ ಮೀಸಲಾಗಿರುವುದುಂಟು. ಆದರೆ ಪರೀಕ್ಷೆ ಸಮೀಪಿಸಿದೊಡನೆ ಮೊದಲು ಕಾಣೆಯಾಗುವುದೂ ಅದೇ ಅವಧಿ. ಅದನ್ನು ಗಣಿತಕ್ಕೋ ವಿಜ್ಞಾನಕ್ಕೋ ಬಿಟ್ಟುಕೊಟ್ಟರೆ ಆಕ್ಷೇಪಿಸುವವರು ವಿರಳ. ಬರೆಯುವ ಕೈಗೆ ಬುದ್ಧಿ ಬೇಕು, ಮಾಡುವ ಕೈಗೆ ಬರಿಯ ಅಭ್ಯಾಸ ಸಾಕು ಎಂಬ ಭಾವನೆ ಸಮಾಜದಲ್ಲಿ ಬಹುಕಾಲದಿಂದ ಬೇರೂರಿದೆ. ಈ ಭಾವನೆ ಎಷ್ಟರಮಟ್ಟಿಗೆ ಸರಿ?

ರಾಜಸ್ಥಾನದ ಜೈಪುರದಲ್ಲಿ ನಡೆದ ಒಂದು ಕಾರ್ಯವು ಈ ಪ್ರಶ್ನೆಗೆ ಉತ್ತರ ನೀಡುತ್ತದೆ. 1960ರ ದಶಕದಲ್ಲಿ ಅಲ್ಲಿನ ಸವಾಯಿ ಮಾನಸಿಂಗ್ ಆಸ್ಪತ್ರೆಯಲ್ಲಿ ಡಾಕ್ಟರ್ ಪ್ರಮೋದ್ ಕರಣ್ ಸೇಠಿ ಎಂಬ ಮೂಳೆರೋಗ ತಜ್ಞರಿದ್ದರು. ಕಾಲು ಕಳೆದುಕೊಂಡವರಿಗೆ ಆಗ ದೊರೆಯುತ್ತಿದ್ದುದು ಪಾಶ್ಚಾತ್ಯ ಮಾದರಿಯ ಕೃತಕ ಪಾದ. ಅದಕ್ಕೆ ಬೂಟು ತೊಡಿಸಬೇಕಾಗಿತ್ತು. ಅದನ್ನು ಧರಿಸಿ ನೆಲದ ಮೇಲೆ ಚಕ್ಕಳಬಕ್ಕಳ ಹಾಕಿ ಕುಳಿತುಕೊಳ್ಳುವುದಾಗಲಿ, ಕೆಸರುಗದ್ದೆಗೆ ಇಳಿಯುವುದಾಗಲಿ ಕಷ್ಟವಾಗಿತ್ತು. ಆ ಪಾದವನ್ನು ರೂಪಿಸಿದವರಿಗೆ ವಿಜ್ಞಾನ ತಿಳಿದಿತ್ತು. ಬರಿಗಾಲಿನಲ್ಲಿ ದುಡಿಯುವ ರೈತನ ಬದುಕು ತಿಳಿದಿರಲಿಲ್ಲ.

ಅದೇ ಆಸ್ಪತ್ರೆಯೊಡನೆ ಸಂಬಂಧವಿದ್ದ ರಾಮಚಂದ್ರ ಶರ್ಮ ಎಂಬ ಕುಶಲಕರ್ಮಿಗೆ ಶಾಲಾಶಿಕ್ಷಣ ಹೆಚ್ಚಾಗಿ ದೊರೆತಿರಲಿಲ್ಲ. ಆದರೆ ಯಾವ ವಸ್ತು ಎಲ್ಲಿ ಬಾಗುತ್ತದೆ, ಎಲ್ಲಿ ಮುರಿಯುತ್ತದೆ ಎಂಬುದನ್ನು ಅವರ ಕೈಗಳು ಬಲ್ಲವಾಗಿದ್ದವು. ವೈದ್ಯರ ಶರೀರಜ್ಞಾನವೂ ಕುಶಲಕರ್ಮಿಯ ಕೈಚಳಕವೂ ಒಂದುಗೂಡಿದವು. ಮರ ಮತ್ತು ಸ್ಪಂಜು ರಬ್ಬರನ್ನು ಒಳಗಿರಿಸಿ, ಮೇಲೆ ಗಟ್ಟಿ ರಬ್ಬರಿನ ಹೊದಿಕೆಯನ್ನಿತ್ತ ‘ಜೈಪುರ ಪಾದ’ವು ಹೀಗೆ 1968ರ ಸುಮಾರಿಗೆ ರೂಪುಗೊಂಡಿತು. ಅದನ್ನು ತೊಟ್ಟವರು ಬೂಟಿಲ್ಲದೆ ನಡೆಯಬಲ್ಲವರಾದರು, ನೆಲದ ಮೇಲೆ ಕುಳಿತುಕೊಳ್ಳಬಲ್ಲವರಾದರು. ಇವರಿಬ್ಬರಲ್ಲಿ ಬುದ್ಧಿಯ ಕೆಲಸ ಯಾರದು, ಕೈಯ ಕೆಲಸ ಯಾರದು ಎಂದು ಗೆರೆ ಎಳೆಯಲು ಸಾಧ್ಯವೆ?

ವಿನ್ಯಾಸ ಮತ್ತು ತಂತ್ರಜ್ಞಾನದ ಶಿಕ್ಷಣವೆಂದರೆ ಇಂತಹ ಕೂಡುವಿಕೆಯ ಅಭ್ಯಾಸ. ಒಂದು ವಸ್ತು ಯಾರಿಗಾಗಿ ಬೇಕು, ಯಾವುದರಿಂದ ಮಾಡಬೇಕು, ಮಾಡಿದ್ದು ನಿಲ್ಲುತ್ತದೆಯೆ, ನಿಲ್ಲದಿದ್ದರೆ ದೋಷವೆಲ್ಲಿದೆ ಎಂದು ವಿದ್ಯಾರ್ಥಿ ಕೇಳಿಕೊಳ್ಳಬೇಕಾಗುತ್ತದೆ. ನಾಲ್ಕು ಕಾಲಿನ ಸ್ಟೂಲು ಮಾಡಿದ ಬಾಲಕನಿಗೆ ಅದು ಉಬ್ಬುತಗ್ಗಿನ ನೆಲದ ಮೇಲೆ ಅಲುಗಾಡುವುದು ತಿಳಿಯುತ್ತದೆ. ಮುಕ್ಕಾಲಿಯು ಅಲುಗಾಡುವುದಿಲ್ಲ. ಒಂದೇ ಸರಳರೇಖೆಯಲ್ಲಿಲ್ಲದ ಮೂರು ಬಿಂದುಗಳ ಮೂಲಕ ಒಂದೇ ಒಂದು ಸಮತಲ ಹಾದುಹೋಗುತ್ತದೆಂಬ ಪಾಠವು ಆಗ ಅವನಿಗೆ ಬಾಯಿಪಾಠವಾಗಿ ಉಳಿಯದೆ ಅನುಭವವಾಗುತ್ತದೆ. ಉತ್ತರಪತ್ರಿಕೆಯಲ್ಲಿನ ತಪ್ಪು ಅಂಕವನ್ನು ಕಳೆಯುತ್ತದೆ. ಮಾಡಿದ ವಸ್ತುವಿನಲ್ಲಿನ ತಪ್ಪು ಮತ್ತೆ ಮಾಡಲು ಕರೆಯುತ್ತದೆ.

ಈ ವಿಚಾರ ಹೊಸದೇನಲ್ಲ. ಕಸುಬಿನ ಮೂಲಕವೇ ಮಕ್ಕಳಿಗೆ ಶಿಕ್ಷಣ ನೀಡಬೇಕೆಂದು ಗಾಂಧೀಜಿಯವರು 1937ರಲ್ಲಿ ವಾರ್ಧಾ ಸಮ್ಮೇಳನದಲ್ಲಿ ಪ್ರತಿಪಾದಿಸಿದರು. 1964ರಿಂದ 1966ರವರೆಗೆ ಕಾರ್ಯನಿರ್ವಹಿಸಿದ ಕೊಠಾರಿ ಆಯೋಗವು ಕಾರ್ಯಾನುಭವವನ್ನು ಶಿಕ್ಷಣದ ಅಂಗವಾಗಿಸಲು ಶಿಫಾರಸು ಮಾಡಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೆಯ ತರಗತಿಯ ಅವಧಿಯಲ್ಲಿ ಮಕ್ಕಳು 10 ದಿನ ಪುಸ್ತಕದ ಚೀಲವಿಲ್ಲದೆ ಬಡಗಿ, ಕುಂಬಾರ, ತೋಟಗಾರರಂತಹವರ ಬಳಿ ಕಲಿಯಲೆಂದು ಸೂಚಿಸಿದೆ.

ಇದಕ್ಕೆ ಒಂದು ಪ್ರಬಲವಾದ ಆಕ್ಷೇಪವುಂಟು. ತಲೆಮಾರುಗಳಿಂದ ಕೈಕೆಲಸಕ್ಕೆ ಕಟ್ಟುಬಿದ್ದ ಕುಟುಂಬಗಳು ಅದರಿಂದ ಬಿಡುಗಡೆ ಬಯಸಿಯೇ ಮಕ್ಕಳನ್ನು ಶಾಲೆಗೆ ಕಳುಹಿಸುತ್ತವೆ. ಅಲ್ಲಿಯೂ ಅದೇ ಕೆಲಸವೆ? ಈ ಮಾತನ್ನು ಕಡೆಗಣಿಸುವಂತಿಲ್ಲ. ಹುಟ್ಟಿನಿಂದ ಹೇರಿದ ದುಡಿಮೆಯೂ ಅರಿತು ಆರಿಸಿಕೊಂಡ ಕೌಶಲವೂ ಒಂದೇ ಅಲ್ಲ. ಬಡವರ ಮಕ್ಕಳಿಗೆ ಉಳಿ, ಉಳ್ಳವರ ಮಕ್ಕಳಿಗೆ ಪುಸ್ತಕ ಎಂದಾದರೆ ಅದು ಹಳೆಯ ಅನ್ಯಾಯವೇ ಸರಿ. ಆದುದರಿಂದ ಉಳಿಯನ್ನೂ ಪುಸ್ತಕವನ್ನೂ ಎಲ್ಲ ಮಕ್ಕಳ ಕೈಗೂ ಕೊಡಬೇಕು. ತಾನೇ ಹಲಗೆಯನ್ನು ನಯಗೊಳಿಸಿ ಬೆವರಿದವನು ಬಡಗಿಯನ್ನು ಕೀಳಾಗಿ ಕಾಣಲಾರನು.

‘ಓದು ಒಕ್ಕಾಲು, ಬುದ್ಧಿ ಮುಕ್ಕಾಲು’ ಎಂಬ ಗಾದೆಯಿದೆ. ಆ ಮುಕ್ಕಾಲು ಬುದ್ಧಿಗೆ ಕೈಗಳೂ ದಾರಿಯಾಗಬಲ್ಲವು. ಆ ದಾರಿಗೆ ಮೀಸಲಾದ ವಾರದ ಒಂದು ಅವಧಿಯನ್ನು ಪರೀಕ್ಷೆಯ ಭಯದಿಂದ ಮುಚ್ಚದಿರುವುದೇ ವಿವೇಕ.