ಒಪ್ಪವಾದ ಮನೆಯ ಹಿಂದಿನ ಕೈಗಳು

ಶ್ರೀರಂಗಪಟ್ಟಣಕ್ಕೆ ಬರುವ ಪ್ರವಾಸಿಗರು ದರಿಯಾ ದೌಲತ್‌ನ ಗೋಡೆಗಳ ಮೇಲಿನ ಯುದ್ಧಚಿತ್ರಗಳನ್ನು ನೋಡಿ ಬೆರಗಾಗುತ್ತಾರೆ. ಆದರೆ ಅದನ್ನು ಒಂದು ವಾಸದ ಮನೆಯಾಗಿ ನೋಡುವವರು ವಿರಳ. 1784ರಲ್ಲಿ ಟಿಪ್ಪು ಸುಲ್ತಾನರು ಕಟ್ಟಿಸಿದ ಈ ಬೇಸಿಗೆ ಅರಮನೆ ಗಗನಚುಂಬಿಯೇನಲ್ಲ. ಮರದ ಕಂಬಗಳು, ಸುತ್ತ ಅಗಲವಾದ ಪಡಸಾಲೆ, ಎದುರಿಗೆ ತೋಟ, ಸನಿಹದಲ್ಲಿ ಕಾವೇರಿ. ಬಿಸಿಲು ಒಳಗೋಡೆಯನ್ನು ಮುಟ್ಟುವ ಮೊದಲೇ ಪಡಸಾಲೆಯ ನೆರಳು ಅದನ್ನು ತಡೆಯುತ್ತದೆ. ಮನೆಯ ಸುಖವು ಆಡಂಬರದಿಂದಲ್ಲ, ಅಚ್ಚುಕಟ್ಟಿನಿಂದ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪಾಠ ಬೇಕೆ?

ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಹಳೆಯ ಹೆಂಚಿನ ಮನೆಗಳಿಗೂ ಈ ವಿವೇಕ ತಿಳಿದಿತ್ತು. ದಾರಿಹೋಕನಿಗೆ ಜಗಲಿ, ಗಾಳಿ ಬೆಳಕಿಗೆ ತೊಟ್ಟಿ, ರಾಗಿಗೆ ವಾಡೆ, ಹಾಲು ಮೊಸರಿಗೆ ಬೆಕ್ಕಿಗೆಟುಕದ ನೆಲುವು. ಪ್ರತಿಯೊಂದು ವಸ್ತುವಿಗೂ ಅದರದೇ ಜಾಗ. ಆದರೆ ಆ ಕಾಲವನ್ನು ಹೊಗಳುವ ಭರದಲ್ಲಿ ನಾವೊಂದು ಸತ್ಯವನ್ನು ಮರೆಯುತ್ತೇವೆ. ಅಂಥ ಎಷ್ಟೋ ಮನೆಗಳಲ್ಲಿ ಗಾಳಿ ಬೆಳಕು ತಲುಪದೆ ಉಳಿದ ಕೋಣೆ ಅಡುಗೆಮನೆಯಾಗಿತ್ತು. ಜಗಲಿಯ ತಂಪು ಗಂಡಸರ ಪಾಲಿಗೆ, ಒಲೆಯ ಹೊಗೆ ಹೆಂಗಸರ ಪಾಲಿಗೆ!

ಇಂದು ಹೆಂಚು ಹೋಗಿ ತಾರಸಿ ಬಂದಿದೆ. ಹಜಾರದಲ್ಲಿ ಸೋಫಾ, ಶೋಕೇಸು, ದೊಡ್ಡ ಟಿ.ವಿ. ಇವೆ. ಅಡುಗೆಮನೆಗೆ ಮಾತ್ರ ಉಳಿದ ಮೂಲೆಯೇ ಗತಿ. ಅಡುಗೆ ಅನಿಲ ಬಂದು ಹೊಗೆ ಕಡಿಮೆಯಾಯಿತು, ನಿಜ. ಹೊರೆ ಹಂಚಿಕೆಯಾಯಿತೇ? ಕೇಂದ್ರ ಸರಕಾರದ 2019ರ ಕಾಲಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವವರ ಪೈಕಿ ಮಹಿಳೆಯರು ದಿನಕ್ಕೆ ಸರಾಸರಿ 299 ನಿಮಿಷ ದುಡಿಯುತ್ತಿದ್ದರು, ಪುರುಷರು 97 ನಿಮಿಷ. 2024ರ ಸಮೀಕ್ಷೆಯಲ್ಲಿ ಇದು 289 ಮತ್ತು 88 ನಿಮಿಷ. ಹೆಣ್ಣಿನ ದುಡಿಮೆಯಲ್ಲಿ ಹತ್ತು ನಿಮಿಷ ಇಳಿದರೆ, ಗಂಡು ತನ್ನ ಅಲ್ಪ ಪಾಲಿನಲ್ಲೂ ಒಂಬತ್ತು ನಿಮಿಷ ಉಳಿಸಿಕೊಂಡಿದ್ದಾನೆ!

ಪ್ರಭುತ್ವದ ದೃಷ್ಟಿಯೂ ಇದಕ್ಕಿಂತ ಭಿನ್ನವಾಗಿಲ್ಲ. 2011ರ ಜನಗಣತಿಯು ಮನೆಗೆಲಸವನ್ನಷ್ಟೇ ಮಾಡುವ ಮಹಿಳೆಯನ್ನು ದುಡಿಯದವರ ಪಟ್ಟಿಗೆ ಸೇರಿಸಿತು. ಗೃಹಿಣಿಯ ದುಡಿಮೆಗೆ ಆರ್ಥಿಕ ಮೌಲ್ಯವಿದೆಯೆಂದು 2021ರ ಜನವರಿಯಲ್ಲಿ ಸುಪ್ರೀಮ್ ಕೋರ್ಟು ಎತ್ತಿ ಹೇಳಿತು; ಆದರೆ ಆ ಮಾತು ಬಂದದ್ದು ರಸ್ತೆ ಅಪಘಾತದ ಪರಿಹಾರ ಪ್ರಕರಣದಲ್ಲಿ. ಹೆಣ್ಣಿನ ದುಡಿಮೆಗೆ ಬೆಲೆ ಕಟ್ಟಲು ಆಕೆ ಸಾಯಲೇಬೇಕೆ? ರಾಜ್ಯ ಸರಕಾರ 2023ರಲ್ಲಿ ಆರಂಭಿಸಿದ ಗೃಹಲಕ್ಷ್ಮಿ ಯೋಜನೆಯು ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ ಗೊತ್ತುಪಡಿಸಿತು. ಸ್ವಾಗತಾರ್ಹವೇ. ಆದರೆ ದಿನಕ್ಕೆ 67 ರೂಪಾಯಿಯೂ ಆಗದ ಈ ಮೊತ್ತ ನೆರವೇ ಹೊರತು ಕೂಲಿಯಲ್ಲ. ಸರಕಾರದ ಹಣ ಬಂದಿತೆಂದು ಮನೆಯ ಗಂಡಸಿನ ಹೊಣೆ ತೀರುವುದೂ ಇಲ್ಲ.

ಹೊರಗೆ ದುಡಿದು ಬಂದವನು ಮನೆಯಲ್ಲೂ ದುಡಿಯಬೇಕೆ ಎಂದು ಕೇಳುವವರಿದ್ದಾರೆ. ಮಂಡ್ಯ ಜಿಲ್ಲೆಯ ಗದ್ದೆಗಳನ್ನು ಅವರೊಮ್ಮೆ ನೋಡಲಿ. ಹಗಲೆಲ್ಲ ಬಗ್ಗಿ ಭತ್ತದ ನಾಟಿ ಹಾಕುವವಳು ಹೆಣ್ಣು. ಸಂಜೆ ಅದೇ ಗದ್ದೆಯಿಂದ ಇಬ್ಬರೂ ಮರಳುತ್ತಾರೆ. ಒಬ್ಬ ಜಗಲಿಯಲ್ಲಿ ಕೂರುತ್ತಾನೆ, ಇನ್ನೊಬ್ಬಳು ಒಲೆ ಹಚ್ಚುತ್ತಾಳೆ. ಇಲ್ಲಿ ದಣಿವಿಗೂ ಲಿಂಗಭೇದವಿದೆಯೇ? ಪ್ರವಾದಿ ಮುಹಮ್ಮದ್(ಸ) ಮನೆಯಲ್ಲಿರುವಾಗ ಮನೆಯವರ ಸೇವೆಯಲ್ಲಿ ತೊಡಗಿರುತ್ತಿದ್ದರೆಂದು ಅವರ ಪತ್ನಿ ಆಯಿಶಾ(ರ) ತಿಳಿಸಿದ್ದಾರೆ. ಇದನ್ನು ವೇದಿಕೆಯಲ್ಲಿ ಉಲ್ಲೇಖಿಸುವ ನಮ್ಮಲ್ಲಿ ಎಷ್ಟು ಮಂದಿ, ಮನೆಗೆ ಬಂದು ಒಂದು ಲೋಟ ನೀರಿಗೂ ಕೂಗಿ ಕರೆಯುವುದಿಲ್ಲ?

ಮನೆಯನ್ನು ಒಪ್ಪವಾಗಿಡುವುದು ಹೆಣ್ಣಿನ ಹುಟ್ಟುಗುಣವಲ್ಲ; ಅದು ಕಲಿತು ಮಾಡಬೇಕಾದ ಕೆಲಸ. ಆದ್ದರಿಂದ ಗಂಡುಮಕ್ಕಳ ಕೈಗೂ ಪೊರಕೆ ಬರಲಿ. ಉಂಡ ತಟ್ಟೆಯನ್ನು ಉಂಡವನೇ ತೊಳೆಯಲಿ. ಹೊಸ ಮನೆ ಕಟ್ಟುವಾಗ ಮೊದಲ ಕಿಟಕಿ ಅಡುಗೆಮನೆಗಿರಲಿ. ನೆಂಟರಿಗೆ ಹಜಾರ ತೋರಿಸಿ ಬೀಗುವ ಮುನ್ನ ನಮ್ಮನ್ನು ನಾವೇ ಕೇಳಿಕೊಳ್ಳೋಣ: ಈ ಮನೆಯನ್ನು ದಿನವೂ ಓರಣಗೊಳಿಸುವವಳಿಗೆ ಇದರಲ್ಲಿ ನೆಮ್ಮದಿಯಿಂದ ಕೂರಲು ಒಂದು ಜಾಗ, ಒಂದು ಗಳಿಗೆ ಇದೆಯೇ?